ದೊಡ್ಡಮ್ಮ, ಪಾಪು ತಲೆ ವಿಷಯ

ದೊಡ್ಡಮ್ಮ, ನಿಮ್ಮ ಮೆಸೇಜ್ ನೋಡಿದೆ. ಹಾಸನ ಬಸ್ ಸ್ಟ್ಯಾಂಡಿನಲ್ಲಿದ್ದೇನೆ, ಸಕಲೇಶಪುರದ ಬಸ್ ಇನ್ನೂ ಬಂದಿಲ್ಲ. ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಗಲಾಟೆ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ.

ಎಣ್ಣೆ ಸ್ನಾನದಲ್ಲಿ ಸರಿಯಾಗಿ ಒತ್ತಲಿಲ್ಲ, ಅದಕ್ಕೇ ಪಾಪು ತಲೆ ಉದ್ದ ಆಯ್ತು ಅಂತ ಬರೆದಿದ್ದೀರಿ. ಅತ್ತಿಗೆಯೂ ಅದನ್ನು ಓದಿದ್ದಾರೆ. ಎರಡು ದಿನದಿಂದ ಗ್ರೂಪಿನಲ್ಲಿ ಅವರದು ಒಂದು ಮಾತೂ ಇಲ್ಲ.

ಒತ್ತುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ದೊಡ್ಡಮ್ಮ. ಮಗುವಿನ ತಲೆಬುರುಡೆ ಒಂದೇ ಮೂಳೆ ಅಲ್ಲ. ಹರಳೆಣ್ಣೆ ಹಾಕುವಾಗ ನೆತ್ತಿ ಮೆತ್ತಗೆ ಮಿಡಿಯುತ್ತೆ ಅಲ್ವಾ? ಅಲ್ಲಿ ನಾಲ್ಕು ಮೂಳೆ ಎದುರುಬದುರು ನಿಂತಿವೆ. ಮಿದುಳು ಬೆಳೆಯಲು ಜಾಗ ಬೇಕು, ಅದಕ್ಕೇ ನಡುವೆ ಸಂದು. ನಮ್ಮ ಪಾಪುವಿಗೆ ನೆತ್ತಿಯಿಂದ ಹಿಂದಕ್ಕೆ ಹೋಗುವ ಸಂದು ಬೇಗ ಮುಚ್ಚಿಕೊಂಡಿದೆ. ಅಗಲಕ್ಕೆ ಬೆಳೆಯಲು ಆಗದೆ ತಲೆ ಉದ್ದಕ್ಕೆ ಬೆಳೆಯಿತು.

ಡಾಕ್ಟರ್ ಹೇಳಿದ ಸಿಲಿಯಾ ಅಂದರೇನು ಅಂತ ಚಿಕ್ಕಪ್ಪ ಕೇಳಿದ್ದರು. ನಮ್ಮ ಮೈಯ ಹೆಚ್ಚಿನ ಜೀವಕೋಶಗಳಿಗೆ ಒಂದೊಂದು ಸಣ್ಣ ಕೂದಲಿನಂಥದ್ದು ಇರುತ್ತೆ. ಕೆಲಸಕ್ಕೆ ಬಾರದ್ದು ಅಂತ ವಿಜ್ಞಾನಿಗಳೂ ಬಹಳ ವರ್ಷ ಕಡೆಗಣಿಸಿದ್ದರು. ಪಾಠ ಮಾಡುವಾಗ ನಾನೂ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ, ಈಗ ನಾಚಿಕೆ ಆಗುತ್ತೆ. ಬೇರೆ ಕೋಶಗಳು ಕಳಿಸುವ ಸುದ್ದಿ ಹಿಡಿಯುವುದೇ ಅದು. ಹೆಡ್ಜ್‌ಹಾಗ್ ಅನ್ನುವ ಪ್ರೋಟೀನ್ ತರುವ ಸುದ್ದಿ ಅಲ್ಲಿಂದಲೇ ಒಳಗೆ ಹೋಗಬೇಕು. ದವಡೆ, ಅಂಗುಳು, ತಲೆಮೂಳೆ ಎಲ್ಲವೂ ಸರಿಯಾಗಿ ಬೆಳೆಯಲು ಆ ಸುದ್ದಿ ಬೇಕು.

ನಮ್ಮ ತೋಟದಲ್ಲಿ ಏಣಿ ಹಾಕಿ ಮೆಣಸು ಕೊಯ್ಯುತ್ತಾರಲ್ಲ, ಹಾಗೆ ಆ ಕೂದಲಿನಲ್ಲೂ ಕೆಲವು ಪ್ರೋಟೀನ್ ಸಾಮಾನು ಹೊತ್ತು ಮೇಲೆ ಹತ್ತುತ್ತವೆ, ಕೆಲವು ಕೆಳಗೆ ಇಳಿಸುತ್ತವೆ. ಇಳಿಸುವ ಗುಂಪಿನ ಜೀನ್ ಕೆಟ್ಟರೆ? ಸಾಮಾನೆಲ್ಲ ತುದಿಯಲ್ಲೇ ರಾಶಿ ಬಿದ್ದು ತುದಿ ಊದಿಕೊಳ್ಳುತ್ತೆ. ಸುದ್ದಿಯೂ ಅಸ್ತವ್ಯಸ್ತ. ಸೆನ್ಸೆನ್‌ಬ್ರೆನ್ನರ್ ಸಿಂಡ್ರೋಮ್‌ನಲ್ಲಿ ಆಗುವುದು ಇದೇ. ಬಹಳ ಅಪರೂಪದ್ದು. ತಲೆ ಉದ್ದ, ತಲೆಗೂದಲು ತೆಳು, ಬೆರಳು ಗಿಡ್ಡ. ಪಾಪುವಿಗೆ ಮೂರೂ ಇರುವುದರಿಂದಲೇ ಡಾಕ್ಟರ್ ಜೀನ್ ಟೆಸ್ಟ್, ಕಿಡ್ನಿ ಸ್ಕ್ಯಾನ್ ಬರೆದಿದ್ದು. ತಲೆಗೂ ಕಿಡ್ನಿಗೂ ಏನು ಸಂಬಂಧ, ದುಡ್ಡು ಕೀಳ್ತಾರೆ ಅಂತ ಬೈಬೇಡಿ. ಕಿಡ್ನಿಯ ಕೋಶಗಳಿಗೂ ಅದೇ ಸಿಲಿಯಾ ಇದೆ, ಅದಕ್ಕೇ ಅಲ್ಲೂ ಸ್ಕ್ಯಾನ್.

ಅದೇ ಅಂತ ಟೆಸ್ಟಲ್ಲಿ ಬಂದರೂ ಅತ್ತಿಗೆಯ ತಪ್ಪಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಅದು ಬರುತ್ತೆ. ಇಬ್ಬರೂ ನೋಡಲು ಚೆನ್ನಾಗಿಯೇ ಇರುತ್ತಾರೆ. ಅಣ್ಣ ಮದುವೆಯಾಗಿದ್ದು ಸೋದರಮಾವನ ಮಗಳನ್ನೇ ಅಲ್ವಾ? ಒಂದೇ ಮನೆತನದಲ್ಲಿ ಹೀಗಾಗುವುದು ಸ್ವಲ್ಪ ಜಾಸ್ತಿ. ಸಂಬಂಧ ಕೂಡಿಸಿದ್ದು ಯಾರು ಅಂತ ನಾನು ಹೇಳಲ್ಲ, ಅವರ ತಪ್ಪೂ ಅಲ್ಲ.

ಆಪರೇಷನ್ ಬೇಕು ಅಂದರೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಮಾಡುತ್ತಾರೆ. ಸದ್ಯಕ್ಕೆ ತಲೆ ಒತ್ತುವುದು ಬೇಡ, ಎಣ್ಣೆ ಸುಮ್ನೆ ಸವರಿ ಸಾಕು. ಮತ್ತೆ ಅತ್ತಿಗೆಗೆ ನೀವೇ ಒಂದು ಫೋನ್ ಮಾಡಿ ದೊಡ್ಡಮ್ಮ. ಬಸ್ ಬಂತು, ಇಡ್ತೀನಿ.