ಕಪ್ಪು ಜನರ ನಡುವೆ ಆ ಪದ: ಇರಬೇಕಾ, ಹೋಗಬೇಕಾ?

ಪ್ರಶ್ನೆ: ಅಮೆರಿಕದ ಅಟ್ಲಾಂಟಾದಲ್ಲಿ ನನ್ನ ಜೊತೆ ಕೆಲಸ ಮಾಡುವ ಕಪ್ಪು ಗೆಳೆಯರು 'ಎನ್' ಪದವನ್ನು (ಕಪ್ಪು ಜನರನ್ನು ಹೀಯಾಳಿಸುವ, 'ಎನ್' ಅಕ್ಷರದಿಂದ ಶುರುವಾಗುವ ಇಂಗ್ಲಿಷ್ ಬೈಗುಳ) ತಮ್ಮತಮ್ಮಲ್ಲೇ ಸಲುಗೆಯಿಂದ ಬಳಸುತ್ತಾರೆ, ಆದರೆ ಅವರಲ್ಲೇ ಒಬ್ಬರ ತಾಯಿಗೆ ಅದು ಕಿವಿಗೆ ಬಿದ್ದರೂ ಸಂಕಟ. ಯಾಕೆ?

ಉತ್ತರ 1: ಕಪ್ಪು ಜನರಿಗೆ ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು ಇದ್ದ ಕಾಲ ಕಂಡವರಿಗೆ ಅದು ಬರೀ ಬೈಗುಳ ಅಲ್ಲ, ಜೀವಭಯ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕದ ಸಂಘಟನೆ ಎನ್‌ಎಎಸಿಪಿ 2007ರಲ್ಲಿ ಡೆಟ್ರಾಯಿಟ್‌ನಲ್ಲಿ ಆ ಪದಕ್ಕೆ ಶವಪೆಟ್ಟಿಗೆ ತಂದು ಅಂತ್ಯಸಂಸ್ಕಾರವನ್ನೇ ಮಾಡಿತು.

ಉತ್ತರ 2: ಆದರೂ ಪದ ಸಾಯಲಿಲ್ಲ ಅಲ್ವಾ? ಕೊನೆಯ 'ರ್' ಬಿಟ್ಟು, ಗೆಳೆಯ ಅನ್ನೋ ಅರ್ಥ ಕೊಟ್ಟಿದ್ದಾರೆ. ಹೊಡೆಯೋ ಕೋಲನ್ನೇ ಕಿತ್ತುಕೊಂಡ ಹಾಗೆ. ಕಪ್ಪು ಹಾಸ್ಯಗಾರ ರಿಚರ್ಡ್ ಪ್ರಯರ್ ಮಾತ್ರ ವರ್ಷಗಟ್ಟಲೆ ವೇದಿಕೆಯಲ್ಲಿ ಬಳಸಿ, 1979ರಲ್ಲಿ ಕೀನ್ಯಾಗೆ ಹೋಗಿಬಂದ ಮೇಲೆ ಬಿಟ್ಟುಬಿಟ್ಟರು.

ಪ್ರಶ್ನೆ ಕೇಳಿದವರು: ಹಾಡಿನಲ್ಲಿ ಬಂದರೆ ನಾನು ಹೇಳಬಹುದಾ?

ಉತ್ತರ 1: ಬೇಡ. ಆ ಜಾಗದಲ್ಲಿ ಸುಮ್ನಿರಿ.