ಸಂಜೆ ಏಳಕ್ಕೆ ಮನೆ ಸೇರೋರು ಮಕ್ಕಳಿಗೆ ಒಳ್ಳೆ ಊಟ ಹೇಗೆ ಮಾಡಿ ಹಾಕ್ತೀರ?

ಏಳೂವರೆ ಅಮ್ಮ:
ನಮಸ್ಕಾರ ಎಲ್ರಿಗೂ. ನಾನೂ ನಮ್ಮೆಜಮಾನ್ರೂ ಇಬ್ರೂ ಕೆಲ್ಸಕ್ಕೆ ಹೋಗ್ತೀವಿ, ದೊಡ್ಡವಳಿಗೆ 8 ವರ್ಷ, ಚಿಕ್ಕವನಿಗೆ 4. ಮನೆ ಸೇರೋ ಹೊತ್ತಿಗೆ ಏಳಾಗಿರತ್ತೆ, ಚಪ್ಪಲಿ ಬಿಡೋದ್ರೊಳಗೇ "ಅಮ್ಮಾ ಹಸಿವು" ಶುರು. ಫ್ರಿಜ್ ಬಾಗ್ಲು ತೆಗೆದು ಏನ್ ಮಾಡ್ಲಿ ಅಂತ ನಿಂತ್ಕೊಳ್ಳೋದ್ರಲ್ಲೇ ಕಾಲು ಗಂಟೆ ಹೋಗತ್ತೆ, ಅಷ್ಟರಲ್ಲಿ ಇವೆರಡೂ ಬಿಸ್ಕೆಟ್ ಪ್ಯಾಕೆಟ್ ಖಾಲಿ ಮಾಡಿರ್ತಾವೆ, ಆಮೇಲೆ ಊಟ ಬೇಡ. ವಾರಕ್ಕೆ ಎರಡ್ಮೂರು ದಿನ ಹೊರಗಿಂದ ತರಿಸೋದೇ ಆಗ್ಬಿಟ್ಟಿದೆ. ಹೋದ ತಿಂಗಳು ಹುಮ್ಮಸ್ಸಲ್ಲಿ ಭಾನುವಾರ ಪೂರ್ತಿ ನಿಂತು ಇಡೀ ವಾರದ ಅಡುಗೆ ಮಾಡಿ ಡಬ್ಬಿ ತುಂಬಿಟ್ಟೆ, ಶುಕ್ರವಾರ ನೋಡಿದ್ರೆ ಅರ್ಧ ಹಳಸಿತ್ತು, ಚೆಲ್ಲಿದೆ. ಚಿಕ್ಕವನಂತೂ ತಟ್ಟೇಲಿ ಹಸಿರು ಕಂಡ್ರೆ ಸಾಕು ದೂಡ್ತಾನೆ. ನೀವೆಲ್ಲ ಹೇಗೆ ನಿಭಾಯಿಸ್ತೀರ, ಸ್ವಲ್ಪ ಹೇಳಿ.

ಮೂರನೇ ಕೂಗು:
ಮೇಡಂ, ಮೊದ್ಲು ಆ ಫ್ರಿಜ್ ಮುಂದಿನ ಕಾಲು ಗಂಟೆ ತೆಗೀಬೇಕು. ಸುಸ್ತಾಗಿ ಬಂದ ತಲೆ ಯೋಚ್ನೆ ಮಾಡಲ್ಲ, ಫೋನ್ ತೆಗೆದು ಆರ್ಡರ್ ಮಾಡತ್ತೆ ಅಷ್ಟೇ. ನಾನು ವಾರದ ದಿನಕ್ಕೊಂದು ಹೆಸರು ಹಾಕ್ಬಿಟ್ಟಿದೀನಿ: ಒಂದಿನ ಬೇಳೆ, ಒಂದಿನ ಮೊಟ್ಟೆ, ಒಂದಿನ ಕಾಳು, ಒಂದಿನ ಉಳಿದಿದ್ದೆಲ್ಲ ಸೇರಿಸಿ ಒಂದೇ ಪಾತ್ರೇಲಿ. ಬೇಳೆ ದಿನ ಅಂದ್ರೆ ಬೇಳೆ, ಜೊತೆಗೆ ಯಾವ ತರಕಾರಿ ಅನ್ನೋದು ಆವತ್ತಿಗೆ ಏನಿದ್ಯೋ ಅದು. ಕೇಳಕ್ಕೆ ಬೋರು ಅನ್ಸತ್ತೆ, ಆದ್ರೆ ಮಕ್ಕಳಿಗೆ ಬೋರೇ ಇಷ್ಟ, ಇವತ್ತು ಏನು ಅಂತ ಅವ್ರಿಗೇ ಗೊತ್ತಿರತ್ತೆ.

ಭಾನುವಾರ ಪೂರ್ತಿ ಅಡುಗೆ ಮಾಡ್ಬೇಡಿ. ಅರ್ಧ ದಾರಿವರೆಗೆ ಮಾಡಿಟ್ರೆ ಸಾಕು, ಕಾಳು ನೆನೆಸಿ ಬೇಯಿಸೋದು, ಈರುಳ್ಳಿ ಟೊಮ್ಯಾಟೊ ಹುರಿದಿಡೋದು, ಗಟ್ಟಿ ತರಕಾರಿ ಹೆಚ್ಚಿಡೋದು, ಮುಕ್ಕಾಲು ಗಂಟೆ ಕೆಲ್ಸ. ಇನ್ನು ನಿಮ್ಮ ಡಬ್ಬಿ ಹಳಸಿದ್ದು ಆಶ್ಚರ್ಯ ಅಲ್ಲ, ಬೇಯಿಸಿದ ಅಡುಗೆ ಫ್ರಿಜ್ಜಲ್ಲಿ 3–4 ದಿನ ಅಷ್ಟೇ, ಅದೂ ಒಳಗೆ 5 ಡಿಗ್ರಿಗಿಂತ ಕಮ್ಮಿ ಇದ್ರೆ. ಅದಕ್ಕಿಂತ ಮುಂದಕ್ಕೆ ಬೇಕಾದ್ದನ್ನ ಮೊದಲ ದಿನವೇ ಫ್ರೀಜರ್‌ಗೆ ಹಾಕ್ಬೇಕು. ಇನ್ನೊಂದು, ದೊಡ್ಡ ಪಾತ್ರೆ ಹಾಗೇ ಆರಲಿ ಅಂತ ರಾತ್ರಿವರೆಗೂ ಬಿಡ್ತೀವಲ್ಲ, ಅಲ್ಲೇ ಕೆಡೋದು. ಅಗಲದ ಚಿಕ್ಕ ಡಬ್ಬಿಗಳಿಗೆ ಹಂಚಿ 2 ಗಂಟೆ ಒಳಗೆ ಫ್ರಿಜ್ ಸೇರಿಸಿ. ಅನ್ನದ ವಿಷ್ಯದಲ್ಲಂತೂ ಹುಷಾರು, ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದ್ರೂ ಸಾಯಲ್ಲ, ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡ್ತಾವೆ, ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ.

ಸೌಟು ಹಿಡಿದ ಅಪ್ಪ:
ಒಂದು ಪ್ರಶ್ನೆ ಕೇಳ್ತೀನಿ ಬೇಜಾರಾಗ್ಬೇಡಿ, ಇಡೀ ಪೋಸ್ಟಲ್ಲಿ ನಿಮ್ಮೆಜಮಾನ್ರು ಮೊದಲ ಸಾಲಲ್ಲಿ ಕೆಲ್ಸಕ್ಕೆ ಹೋದೋರು ವಾಪಸ್ ಬರ್ಲೇ ಇಲ್ವಲ್ಲ? 😄 ನಮ್ಮನೇಲಿ ವಾರಕ್ಕೆ ಮೂರು ರಾತ್ರಿ ನಂದು, ಅವತ್ತು ನಮ್ಮನೆಯವ್ಳು ಅಡುಗೆಮನೆಗೆ ಬಂದು ಸಲಹೆ ಕೊಡೋ ಹಾಗಿಲ್ಲ, ಉಪ್ಪು ಜಾಸ್ತಿ ಆದ್ರೂ ಸರಿ.

ಬಿಸ್ಕೆಟ್ ವಿಷ್ಯಕ್ಕೆ ಬರ್ತೀನಿ. ಮಕ್ಕಳು ಹಸಿದಿರೋ ಆ ಹೊತ್ತೇ ತರಕಾರಿ ತಿನ್ಸಕ್ಕೆ ಒಳ್ಳೇ ಟೈಮು, ನಾವದನ್ನ ಬಿಸ್ಕೆಟ್‌ಗೆ ಕೊಟ್ಬಿಡ್ತೀವಿ. ನಾನು ಬಂದ ತಕ್ಷಣ ಕೈ ತೊಳ್ಕೊಂಡು ಮೊದ್ಲು ಸೌತೆಕಾಯಿ, ಕ್ಯಾರೆಟ್ಟು, ಒಂದು ಹಣ್ಣು ಹೆಚ್ಚಿ ಟೇಬಲ್ ಮೇಲೆ ಇಟ್ಬಿಡ್ತೀನಿ, ತಿನ್ನಿ ಅಂತ ಹೇಳೋದೂ ಇಲ್ಲ, ನಾನು ಒಲೆ ಹಚ್ಚಿ ತಿರುಗಿ ನೋಡೋ ಹೊತ್ತಿಗೆ ತಟ್ಟೆ ಅರ್ಧ ಖಾಲಿ. ಊಟದಲ್ಲಿ ಅನ್ನ ಬೇಳೆ ಅಷ್ಟೇ ತಿಂದ್ರೂ ಆಗ ಚಿಂತೆ ಇರಲ್ಲ. ನಿಮ್ಮ ಚಿಕ್ಕವನಿಗೆ 4 ಅಂದ್ರಲ್ಲ, ಹಸಿ ಕ್ಯಾರೆಟ್ ದುಂಡಗೆ ಕೊಡ್ಬೇಡಿ ಗಂಟಲಿಗೆ ಸಿಕ್ಕಿಕೊಳ್ಳತ್ತೆ, ತುರಿದು ಕೊಡಿ ಇಲ್ಲಾ ಸ್ವಲ್ಪ ಬೇಯಿಸಿ. ದ್ರಾಕ್ಷಿನೂ ಉದ್ದಕ್ಕೆ ಸೀಳಿ.

ಹಸಿರು ದೂಡೋದಕ್ಕೆ ಬೈಯಕ್ಕೆ ಹೋಗ್ಬೇಡಿ, ಹೊಸ ರುಚಿ ಒಗ್ಗಕ್ಕೆ ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗತ್ತೆ, ನಾವು ಮೂರನೇ ಸಲಕ್ಕೆ "ಇವನಿಗೆ ಆಗಲ್ಲ" ಅಂತ ತೀರ್ಪು ಕೊಟ್ಬಿಡ್ತೀವಿ. ಎಲಿನ್ ಸ್ಯಾಟರ್ ಅಂತ ಅಮೆರಿಕದ ಆಹಾರತಜ್ಞೆ ಹೇಳೋದು ಇಷ್ಟೇ: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡೋರ ಕೆಲ್ಸ, ತಿನ್ನೋದಾ ಬೇಡ್ವಾ, ಎಷ್ಟು ಅನ್ನೋದು ಮಗೂದು. ಇದನ್ನ ಪಾಲಿಸಕ್ಕೆ ಶುರು ಮಾಡಿದ ಮೊದಲ ವಾರ ನಮ್ಮವನು ಬರೀ ಅನ್ನ ತಿಂದ, ನನ್ ಹೊಟ್ಟೆ ಉರೀತು, ಆದ್ರೂ ಬಾಯ್ಮುಚ್ಕೊಂಡಿದ್ದೆ. ಈಗ ಬೀನ್ಸ್ ಮುರಿಯೋ ಕೆಲ್ಸ ಅವನದ್ದೇ, ಮುರೀತಾ ಮುರೀತಾ ಹಸೀದೇ ಬಾಯಿಗೆ ಹಾಕ್ಕೋತಾನೆ.

ಸೋಮಾರಿ ಬಾಣಸಿಗ:
ಇಷ್ಟೆಲ್ಲ ಪ್ಲಾನ್ ನನ್ ಕೈಲಾಗಲ್ಲಪ್ಪ. ಫ್ರೀಜರಲ್ಲಿ ಬಟಾಣಿ ಪ್ಯಾಕೆಟ್, ಮನೇಲಿ ಮೊಟ್ಟೆ, ಬ್ರೆಡ್ಡು ಇರತ್ತೆ, ಏನೂ ಆಗದ ದಿನ ತರಕಾರಿ ಹಾಕಿದ ಆಮ್ಲೆಟ್ಟು, 10 ನಿಮಿಷ. ಫ್ರೋಜನ್ ಅಂದ್ರೆ ಸತ್ವ ಇಲ್ಲ ಅನ್ನೋದು ಸುಳ್ಳು, ಕೊಯ್ದ ಸ್ವಲ್ಪ ಹೊತ್ತಲ್ಲೇ ಬಿಸಿನೀರಲ್ಲಿ ಅದ್ದಿ ಹೆಪ್ಪುಗಟ್ಟಿಸಿರ್ತಾರೆ, ನಮ್ಮ ಫ್ರಿಜ್ಜಲ್ಲಿ ಐದು ದಿನ ಬಾಡಿದ ಸೊಪ್ಪಿಗಿಂತ ವಾಸಿ. ತಟ್ಟೇಲಿ ಅರ್ಧ ತರಕಾರಿ ಹಣ್ಣು, ಕಾಲು ಭಾಗ ಧಾನ್ಯ, ಕಾಲು ಭಾಗ ಬೇಳೆನೋ ಮೊಟ್ಟೆನೋ ಅಂತ ಒಂದು ಅಂದಾಜಿದೆ, ಅದನ್ನ ಒಂದೊಂದು ಊಟಕ್ಕೂ ಅಳೀಬೇಡಿ, ವಾರದ ಲೆಕ್ಕದಲ್ಲಿ ಹತ್ರ ಬಂದ್ರೆ ಆಯ್ತು.

ಏಳೂವರೆ ಅಮ್ಮ:
ಎಲ್ರಿಗೂ ಥ್ಯಾಂಕ್ಸ್. ಸೌಟು ಹಿಡಿದ ಅಪ್ಪ ಅವ್ರೇ, ನಿಮ್ಮ ಕಾಮೆಂಟ್ ಅವ್ರಿಗೆ ತೋರಿಸ್ದೆ, ಮಂಗಳವಾರ ಗುರುವಾರ ಒಪ್ಕೊಂಡಿದಾರೆ. ಸೌತೆಕಾಯಿ ಇಟ್ಟೆ, ದೊಡ್ಡವಳು ಮುಗಿಸಿದ್ಲು, ಚಿಕ್ಕವನು ಸಿಪ್ಪೆ ತೆಗೆದು ತಿಂದ, ಹಸಿರಂತೆ! ಇನ್ನೊಂದು ಡೌಟು, ರಾಜ್ಮಾನ ಬೆಳಿಗ್ಗೆ ಸ್ಲೋ ಕುಕ್ಕರ್‌ಗೆ ಹಾಕಿ ಹೋದ್ರೆ ಸಂಜೆಗೆ ರೆಡಿ ಇರತ್ತಾ?

ಮೂರನೇ ಕೂಗು:
ಬೇಡ ಬೇಡ, ಹಸಿ ರಾಜ್ಮಾ ನೇರ ಹಾಕ್ಬೇಡಿ. ಅದರಲ್ಲಿ ಒಂದು ವಿಷ ಇರತ್ತೆ, ಜೋರಾಗಿ ಕುದಿದ್ರೆ ಮಾತ್ರ ಹೋಗತ್ತೆ, ಸ್ಲೋ ಕುಕ್ಕರ್ ಅಷ್ಟು ಬಿಸಿ ಆಗ್ದೇ ಇರಬಹುದು, ಅರೆಬೆಂದ್ರೆ ವಾಂತಿ ಭೇದಿ ಗ್ಯಾರಂಟಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಪ್ರೆಷರ್ ಕುಕ್ಕರಲ್ಲೇ ಮೆತ್ತಗೆ ಬೇಯಿಸಿ. ಭಾನುವಾರವೇ ಎರಡು ಪಟ್ಟು ಬೇಯಿಸಿ ಅರ್ಧ ಫ್ರೀಜರ್‌ಗೆ ಹಾಕ್ಬಿಡಿ, ಡಬ್ಬಿ ಮೇಲೆ ತಾರೀಖು ಬರೀರಿ. ಸಿಪ್ಪೆ ತೆಗೆದ ಸೌತೆಕಾಯಿನೂ ತರಕಾರಿನೇ ಬಿಡಿ, ಲೆಕ್ಕಕ್ಕೆ ತಗೊಳ್ಳಿ.