ಗಂಗಾವತಿಯಿಂದ ಗದ್ದಲ ಇಲ್ಲದ ಬೀಚಿಗೆ ಮೂರು ದಿನ: ಎಲ್ಲಿಗೆ, ಯಾವಾಗ, ಏನೇನು ತಯಾರಿ?

ಗಂಗಾವತಿ ಭತ್ತದ ಕಣಜ

ಎಲ್ರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮ್ಯಾಲೆ ಮೂರು ದಿನ, ಎರಡು ರಾತ್ರಿ ಸಮುದ್ರದ ಕಡೆ ಹೋಗೋ ವಿಚಾರ ಐತಿ. ನಾವಿಬ್ರು, 9 ಮತ್ತು 12 ವರ್ಷದ ಮಕ್ಕಳು, ಜೊತಿಗೆ ನಮ್ಮವ್ವ. ಅವ್ವಗ ಮೊಣಕಾಲು ನೋವು, ಗುಡ್ಡ ಹತ್ತಿ ಇಳಿಯೋದು ಆಗಂಗಿಲ್ಲ. ಡಿಜೆ ಸದ್ದು, ವಾಟರ್ ಸ್ಕೂಟರ್, ಒಂಟಿ ಸವಾರಿ ಇರೋ ಬೀಚ್ ಬ್ಯಾಡ. ಕುಂತು ತೆರಿ ನೋಡಾಕ ಒಂದು ಜಾಗ ಸಾಕು.

ಕೇಳೋದು ಇಷ್ಟು. ಎಲ್ರೂ ಗೋಕರ್ಣದ ಪ್ಯಾರಡೈಸ್ ಬೀಚ್ ಅಂತಾರ, ಅದು ನಮಗ ಆಗ್ತದೇನು? ಕಾರ್ ಒಳ್ಳೇದೋ, ರೈಲು ಬಸ್ಸೋ? ಮಕ್ಕಳಿಬ್ರೂ ಎಡದಂಡೆ ಕಾಲುವೆಯೊಳಗ ಚೊಲೋ ಈಜ್ತಾರ, ಸಮುದ್ರದಾಗ ಬಿಡಬಹುದಾ? ಜನವರಿ ತಪ್ಪಿದ್ರ ಮೇ ತಿಂಗಳು ಹೋದ್ರ ನಡೀತದೇನು? ಬಿಸಿಲು ನಮಗೇನು ಹೊಸಾದಲ್ಲ.

ಕುಮಟಾ ಮೂಲ, ಬಳ್ಳಾರಿ ವಾಸ

ಪ್ಯಾರಡೈಸ್ ನಿಮ್ಮ ತಾಯಿಯವರಿಗೆ ಆಗುವುದಿಲ್ಲ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂದು ಸಾಲಾಗಿ ಬರುತ್ತವೆ. ವಾಹನ ಹೋಗುವುದು ಓಂ ಬೀಚಿನ ಮೇಲ್ಗಡೆಯವರೆಗೆ ಮಾತ್ರ, ಅಲ್ಲಿಂದ ಇಳಿಯಲಿಕ್ಕೂ ಮೆಟ್ಟಿಲು. ಓಂನಿಂದ ಹಾಫ್ ಮೂನ್‌ಗೆ ಗುಡ್ಡದ ಅಂಚಿನ ಕಾಲುದಾರಿಯಲ್ಲಿ 20ರಿಂದ 30 ನಿಮಿಷ, ಪ್ಯಾರಡೈಸ್‌ಗೆ ಮತ್ತೆ ಅಷ್ಟೇ. ಎರಡನೇ ಭಾಗದಲ್ಲಿ ಬಂಡೆಗಳ ಮೇಲೆ ಕೈ ಊರಿ ದಾಟಬೇಕು. ಚೀರೆಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪುಡಿ ಉದುರಿದ ಕಡೆ ಚಪ್ಪಲಿ ಜಾರುತ್ತದೆ, ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ಯುತ್ತವೆ. ಪ್ಯಾರಡೈಸ್‌ನ ಆಚೆ ಬದಿಯ ಬೇಲೆಕಾನ್ ಊರಿನ ಕಡೆಯಿಂದ ಬಂದರೆ ನಡಿಗೆ ಕಡಿಮೆ, ಆದರೂ ಮೊಣಕಾಲು ನೋವಿದ್ದವರಿಗೆ ಹೇಳುವ ದಾರಿಯಲ್ಲ.

ನಿಮಗೆ ಸರಿಯಾದದ್ದು ಅಘನಾಶಿನಿ ನದಿಯ ಆಚೆ ದಡ, ಕುಮಟಾ ತಾಲೂಕಿನ ಕಾಗಾಲ, ಅಘನಾಶಿನಿ ಊರುಗಳ ಕಡೆ. ಅಲ್ಲಿನ ಉದ್ದನೆಯ ತೀರವನ್ನು ಈಗ ನಿರ್ವಾಣ ಬೀಚ್ ಎನ್ನುತ್ತಾರೆ. ಊರಿನ ರಸ್ತೆ ತೀರಕ್ಕೆ ಹತ್ತಿರವೇ ಹೋಗುತ್ತದೆ, ಗುಡ್ಡ ಹತ್ತುವ ಕೆಲಸವಿಲ್ಲ. ಗಾಳಿಮರ, ತೆಂಗಿನ ನೆರಳು ಸಿಗುತ್ತದೆ. ಇಳಿದುಕೊಳ್ಳಲು ಮನೆಯಂಥ ಹೋಮ್‌ಸ್ಟೇಗಳಿವೆ. ಬುಕ್ ಮಾಡುವಾಗ ಮೂರು ಮಾತು ಕೇಳಿ: ಕೋಣೆ ನೆಲಮಹಡಿಯಲ್ಲಿದೆಯಾ, ಕುಳಿತುಕೊಳ್ಳುವ ಕಮೋಡ್ ಇದೆಯಾ, ಮರಳಿಗೆ ಎಷ್ಟು ಹೆಜ್ಜೆ. "ಬೀಚ್ ವ್ಯೂ" ಎಂದು ಬರೆದದ್ದನ್ನು ನಂಬಿ ಹಣ ಹಾಕಬೇಡಿ, ಗೇಟಿನಿಂದ ಮರಳಿನವರೆಗೆ ಒಂದು ವಿಡಿಯೋ ಕಳಿಸಲು ಹೇಳಿ. ಮನೆ ನಡೆಸುವವರು ಬೇಜಾರಿಲ್ಲದೆ ಕಳಿಸುತ್ತಾರೆ.

ದಿನ ಆರಿಸುವುದು ಜಾಗ ಆರಿಸುವುದಕ್ಕಿಂತ ಮುಖ್ಯ. ಡಿಸೆಂಬರಿನಲ್ಲಿ ಶಾಲೆಗಳ ಶೈಕ್ಷಣಿಕ ಪ್ರವಾಸದ ಬಸ್ಸುಗಳೆಲ್ಲ ಮುರ್ಡೇಶ್ವರ, ಗೋಕರ್ಣಕ್ಕೇ ಬರುತ್ತವೆ, ತಿಂಗಳ ಕೊನೆಗೆ ಕ್ರಿಸ್‌ಮಸ್, ಹೊಸ ವರ್ಷದ ಜಾತ್ರೆ ಬೇರೆ. ಶಿವರಾತ್ರಿಗೆ ಗೋಕರ್ಣ ಪೂರ್ತಿ ತುಂಬಿರುತ್ತದೆ. ಸಂಕ್ರಾಂತಿ ಮುಗಿದು ಗಣರಾಜ್ಯೋತ್ಸವದ ರಜೆ ಬರುವ ಮೊದಲು, ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಅದೇ ತೀರ ಶನಿವಾರ ಸಂಜೆ ಬೇರೆ, ಮಂಗಳವಾರ ಸಂಜೆ ಬೇರೆ.

ದಿನ ಗೊತ್ತಾದ ಮೇಲೆ ಕಾರವಾರದ ಉಬ್ಬರ ಇಳಿತದ ಪಟ್ಟಿ ತೆಗೆದು ನೋಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ನಡುವೆ ಸುಮಾರು ಆರು ತಾಸು. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ. ನೀರು ಏರುವುದು ಒಂದೂವರೆ ಮೀಟರ್ ಇರಬಹುದು, ಆದರೆ ಇಳಿಜಾರು ಕಡಿಮೆ ಇರುವ ಮರಳಿನಲ್ಲಿ ಅದು ಹತ್ತಾರು ಮೀಟರ್ ಮುಂದೆ ಬರುತ್ತದೆ. ಚಾಪೆ, ಚಪ್ಪಲಿ, ಮೊಬೈಲ್ ಇಡುವಾಗ ಹಿಂದಿನ ಉಬ್ಬರ ಬಿಟ್ಟುಹೋದ ಕಸಕಡ್ಡಿಯ ಗೆರೆ ನೋಡಿ, ಅದರಿಂದ ಮೇಲೆ ಇಡಿ.

ಮುನಿರಾಬಾದ್ ಈಜು

ಸರ್, ಮಕ್ಕಳ ಈಜಿನ ಬಗ್ಗೆ ನೇರವಾಗಿ ಹೇಳ್ತೀನಿ. ಕಾಲುವೆ, ಹೊಳೆಯಲ್ಲಿ ಈಜು ಬರುವವರೇ ಸಮುದ್ರದಲ್ಲಿ ಹೆಚ್ಚು ಧೈರ್ಯ ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹೊಳೆಯಲ್ಲಿ ಸೆಳವು ಒಂದೇ ದಿಕ್ಕಿಗೆ, ಎರಡೂ ಕಡೆ ದಂಡೆ ಇರುತ್ತದೆ, ಕೆಳಗೆ ಹೋದರೂ ಎಲ್ಲಾದರೂ ದಂಡೆ ಹಿಡಿಯಬಹುದು. ಸಮುದ್ರದಲ್ಲಿ ದಂಡೆ ಒಂದೇ, ಸೆಳವು ಅದರಿಂದ ದೂರಕ್ಕೆ.

ಅದು ಹೇಗೆಂದರೆ, ತೆರೆಗಳು ಒಡೆದು ದಡಕ್ಕೆ ತಂದ ನೀರು ವಾಪಸ್ ಹೋಗಲೇಬೇಕು. ನೀರಿನ ಕೆಳಗಿನ ಮರಳ ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿಂದ ಒಟ್ಟಾಗಿ ನುಗ್ಗಿ ಹೊರಗೆ ಹೋಗುತ್ತದೆ. ಸೆಕೆಂಡಿಗೆ ಅರ್ಧ ಮೀಟರ್ ಸಾಮಾನ್ಯ, ಕೆಲವು ಸಲ ಒಂದು ಮೀಟರಿಗೂ ಜಾಸ್ತಿ. ಅದರ ಎದುರು ಒಳ್ಳೆ ಈಜುಗಾರನೂ ಮುಂದೆ ಬರಲಾರ. ಗುರುತು ಹೀಗೆ: ಎರಡೂ ಪಕ್ಕ ಬೆಳ್ಳಗೆ ತೆರೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ತೆರೆ ಒಡೆಯುವುದಿಲ್ಲ. ಅಲ್ಲಿ ನೀರಿನ ಬಣ್ಣ ಕಂದು ಅಥವಾ ಗಾಢ, ನೊರೆ ಹೊರಗಡೆಗೆ ತೇಲುತ್ತಿರುತ್ತದೆ. ಅದು ಶಾಂತವಾಗಿದೆ ಎಂದು ಮಕ್ಕಳನ್ನು ಅಲ್ಲಿಯೇ ಇಳಿಸುತ್ತಾರೆ, ತಪ್ಪಾಗುವುದು ಅಲ್ಲೇ. ಹೋದ ತಕ್ಷಣ ನೀರಿಗೆ ಇಳಿಯಬೇಡಿ. ಎತ್ತರದಲ್ಲಿ ನಿಂತು ಹದಿನೈದು ಇಪ್ಪತ್ತು ನಿಮಿಷ ನೋಡಿ, ಆ ಪಟ್ಟಿ ಎಲ್ಲಿದೆ ಎಂದು ಮಕ್ಕಳೇ ಗುರುತಿಸಿ ತೋರಿಸಲಿ.

ಸಿಕ್ಕಿಹಾಕಿಕೊಂಡರೆ ದಡದ ಕಡೆ ಹೋರಾಡಬಾರದು. ಈ ಸೆಳವು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ, ತೆರೆ ಒಡೆಯುವ ಸಾಲು ದಾಟಿದ ಮೇಲೆ ಸಡಿಲವಾಗುತ್ತದೆ. ಅಂಗಾತ ತೇಲಬೇಕು, ಒಂದು ಕೈ ಎತ್ತಿ ಕೂಗಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ತೆರೆ ಒಡೆಯುವ ಜಾಗಕ್ಕೆ ಬಂದು, ತೆರೆಯ ಜೊತೆ ಒಳಗೆ ಬರಬೇಕು. ದಡದಲ್ಲಿದ್ದವರು ಹಿಂದೆ ಹಾರಬಾರದು. ಖಾಲಿ 5 ಲೀಟರ್ ಕ್ಯಾನ್ ಮುಚ್ಚಳ ಬಿಗಿದು 15 ಮೀಟರ್ ನೈಲಾನ್ ಹಗ್ಗಕ್ಕೆ ಕಟ್ಟಿ ಇಟ್ಟುಕೊಂಡಿರಿ, ಎಸೆಯಲು ಅದೇ ಸಾಕು. ಓಂ, ಕುಡ್ಲೆಯಂಥ ಕಡೆ ಜೀವರಕ್ಷಕರು ಇರುತ್ತಾರೆ. ಜನ ಇಲ್ಲದ ತೀರ ಅಂದರೆ ಜೀವರಕ್ಷಕರೂ ಇಲ್ಲದ ತೀರ.

ಇನ್ನೊಂದು. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಯಾವ ಕಾರಣಕ್ಕೂ ನೀರಿಗೆ ಇಳಿಯಬೇಡಿ. ಇಳಿತದ ಹೊತ್ತಿನಲ್ಲಿ ನದಿಯ ನೀರು, ಉಬ್ಬರದಲ್ಲಿ ಒಳಗೆ ಹೋಗಿದ್ದ ನೀರು ಎರಡೂ ಸೇರಿ ಆ ಒಂದೇ ಬಾಯಿಂದ ಹೊರಗೆ ಬರುತ್ತದೆ. ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ತೀರದ ಮಧ್ಯ ಭಾಗದಲ್ಲಿ, ಸಣ್ಣ ಮಗುವಿನ ಸೊಂಟದಷ್ಟು ನೀರಿನಲ್ಲಿ, ನಿಮ್ಮ ಕೈಗೆ ಸಿಗುವಷ್ಟು ದೂರದಲ್ಲಿ ಮಕ್ಕಳು ಇರಲಿ. ಮನೆಯವರು ಸೀರೆಯಲ್ಲಿ ಮೊಣಕಾಲು ದಾಟಿ ಹೋಗುವುದು ಬೇಡ, ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಮುಂದಿನ ತೆರೆಗೆ ಎದ್ದು ನಿಲ್ಲಲಾಗುವುದಿಲ್ಲ. ಲೆಗ್ಗಿಂಗ್, ಮೈಗೆ ಹತ್ತಿದ ಟಾಪ್ ಒಳ್ಳೆಯದು.

ರಾಯಚೂರು ಬಿಸಿಲು

"ಬಿಸಿಲು ಹೊಸಾದಲ್ಲ" ಅಂದ್ರಲ್ಲ, ಅದಕ್ಕೆ ಈ ಉತ್ತರ. ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಇದ್ದರೂ ಗಾಳಿ ಒಣಗಿರುತ್ತದೆ, ಬೆವರು ಬಂದಂತೆ ಆರುತ್ತದೆ, ಮೈ ತಂಪಾಗುತ್ತದೆ. ಕರಾವಳಿಯಲ್ಲಿ 33, 34 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ, ಸುಮ್ಮನೆ ಹರಿದುಹೋಗುತ್ತದೆ. ನೀರು, ಉಪ್ಪು ಎರಡೂ ಕಳೆಯುತ್ತೀರಿ, ಮೈ ಮಾತ್ರ ತಂಪಾಗುವುದಿಲ್ಲ. ವಯಸ್ಸಾದವರಿಗೆ ಇದು ಬೇಗ ತಾಗುತ್ತದೆ: ತಲೆನೋವು, ವಾಕರಿಕೆ, ಮೀನಖಂಡ ಹಿಡಿಯುವುದು. ತಲಾ ದಿನಕ್ಕೆ 4 ಲೀಟರ್ ಕುಡಿಯುವ ನೀರು ಲೆಕ್ಕ ಇಡಿ. ಓಆರ್‌ಎಸ್ ಪಾಕೀಟು ತಗೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ತಾಯಿಯವರಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಇದನ್ನು ಮೊದಲೇ ಡಾಕ್ಟರಿಗೆ ಕೇಳಿ. ಬೆಳಗ್ಗೆ 10ರವರೆಗೆ, ಸಂಜೆ 4ರ ಮೇಲೆ ತೀರ, ನಡುವೆ ನೆರಳು.

ಮೇ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಏಪ್ರಿಲ್, ಮೇನಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಿಂದ ಎದ್ದ ತೆರೆಗಳು ದಿನಗಟ್ಟಲೆ ಸಾಗಿ ಬಂದು ನಮ್ಮ ಕರಾವಳಿಗೆ ಬಡಿಯುತ್ತವೆ. ಅಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ, ಆದರೂ ನೀರು ಏಕಾಏಕಿ ಮೇಲೆ ಬರುತ್ತದೆ. ಸಮುದ್ರದ ಸ್ಥಿತಿ ತಿಳಿಸುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯ್ಸ್ (INCOIS), ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಯಾವ ತಿಂಗಳು ಹೋದರೂ ಹಿಂದಿನ ದಿನ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ.

ಲೋಳೆಮೀನು (ಜೆಲ್ಲಿಫಿಶ್) ತಾಗಿದರೆ ತಿಕ್ಕಬೇಡಿ, ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ಆಮೇಲೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ ಇಡಿ. ಉಸಿರಾಟ ಕಷ್ಟವಾದರೆ 108.

ಗಂಗಾವತಿ ಭತ್ತದ ಕಣಜ

ಭಾಳ ಉಪಕಾರ ಆತ್ರಿ ಎಲ್ರಿಂದ. ಜನವರಿ, ಅಘನಾಶಿನಿ ಅಂತ ಆತು. ದಾರಿ ಹೆಂಗ? ಕಾರ್ ಮರಳಿನ ತನ ಒಯ್ಯಬಹುದಾ, ಅವ್ವಗ ನಡಿಯೋದು ಉಳೀತದ. ಮತ್ತ ಮಕ್ಕಳು ಪ್ಯಾರಡೈಸ್ ದೋಣಿಯಿಂದಾದ್ರೂ ನೋಡಬೇಕು ಅಂತಾವ.

ಸಿಂಧನೂರು ಸ್ಟೇರಿಂಗ್

ಅಣ್ಣಾರ, ಗಂಗಾವತಿಯಿಂದ ಕೊಪ್ಪಳಕ್ಕ ಬಂದು, ಗದಗ, ಹುಬ್ಬಳ್ಳಿ ತನ ಹೈವೇ 67. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ ತನ ಹೈವೇ 52. ಆಮ್ಯಾಲೆ 66ರಾಗ ಎಡಕ್ಕ ಕುಮಟಾ. ಎಲ್ಲಾ ಸೇರಿ 320, 330 ಕಿಲೋಮೀಟರ್ ಆಗ್ತದ, ಊಟ ಚಾ ಸೇರಿ ಎಂಟು ತಾಸು ಇಟ್ಕೊರಿ. ನಸುಕಿನ 5ಕ್ಕ ಬಿಟ್ರ ಘಟ್ಟ ಹಗಲಾಗ ಇಳೀತೀರಿ. ರಾತ್ರಿ ಬ್ಯಾಡ, ಲಾರಿ ಸಾಲು ಇರ್ತದ, ತಿರುವಿನಾಗ ಓವರ್‌ಟೇಕ್ ಮಾಡೋರು ಇರ್ತಾರ. ಇಳಿಯುವಾಗ ಬ್ರೇಕ್ ತುಳಕೋತ ಹೋಗಬ್ಯಾಡ್ರಿ, ಎರಡನೇ ಮೂರನೇ ಗೇರಿನ್ಯಾಗ ಇಳಸ್ರಿ, ಇಲ್ಲಂದ್ರ ಬ್ರೇಕ್ ಕಾದು ಹಿಡಿಯಂಗಿಲ್ಲ. ಮಕ್ಕಳಿಗೆ ಯಲ್ಲಾಪುರದಾಗ ಹೊಟ್ಟಿ ತುಂಬ ತಿನಸಬ್ಯಾಡ್ರಿ. ಮಳಿಗಾಲದಾಗ ಹೋಗೋರು ಈ ದಾರಿ ಕೇಳಿ ಹೋಗಬೇಕು. 2024ರ ಜುಲೈ 16ಕ್ಕ ಅಂಕೋಲಾ ಹತ್ರ ಶಿರೂರಿನಾಗ ಗುಡ್ಡ ಕುಸಿದದ್ದು ಇದೇ 66ರ ಮ್ಯಾಲೆ.

ಕಾರ್ ಇಲ್ಲದೋರಿಗೆ: ಸಿಂಧನೂರು, ಗಂಗಾವತಿ ಕಡೆಯಿಂದ ಹುಬ್ಬಳ್ಳಿ ತನ ರೈಲು ಐತಿ, ಅಲ್ಲಿಂದ ಅಂಕೋಲಾ, ಕುಮಟಾಕ್ಕ ಸರ್ಕಾರಿ ಬಸ್ಸು. ಹೆಣ್ಣುಮಕ್ಕಳು ಶಕ್ತಿ ಯೋಜನೆಗೆ ಆಧಾರ್ ಮರೀಬಾರ್ದು. ಹುಬ್ಬಳ್ಳಿ–ಅಂಕೋಲಾ ರೈಲು ದಾರಿ ಇನ್ನೂ ಆಗಿಲ್ಲ, ಆಗಿದ್ರ ನಮ್ಮ ಭಾಗಕ್ಕ ಎಷ್ಟು ಅನುಕೂಲ ಆಗ್ತಿತ್ತು.

ಕಾರ್ ಮರಳಿಗೆ ಇಳಸಬ್ಯಾಡ್ರಿ. ಮ್ಯಾಲೆ ಒಣಗಿ ಗಟ್ಟಿ ಕಾಣ್ತದ, ಚಕ್ರ ತಿರುಗಿದ ಕೂಡಲೇ ತೋಡಿಕೊಂಡು ಚಾಸಿ ಮರಳಿಗೆ ಕುಂದರ್ತದ. ಅದೂ ಅಲ್ದ ಡಿಸೆಂಬರ್ ಆದ ಮ್ಯಾಲೆ ಕಡಲಾಮೆ ಮೊಟ್ಟಿ ಇಡೋ ಕಾಲ ಅದು, ಗೂಡು ಮರಳಿನ ಒಳಗ ಇರ್ತದ, ಗೊತ್ತಾಗಂಗಿಲ್ಲ. ಅವ್ವಗ ರಸ್ತಿ ಕೊನಿಗೆ ಇಳಿಸಿ, ಮಡಚೋ ಕುರ್ಚಿ ಒಂದು ಒಯ್ರಿ, ಅಗಲ ಕಾಲಿಂದು ನೋಡ್ರಿ, ಸಣ್ಣ ಪೈಪಿನ ಕುರ್ಚಿ ಮರಳಿನಾಗ ಇಳೀತದ. ತಪ್ಪಿ ಎಲ್ಯಾರ ಚಕ್ರ ಹೂತರ ಆಕ್ಸಿಲರೇಟರ್ ಒತ್ತಬ್ಯಾಡ್ರಿ. ಮಂದಿ ಇಳಿಸಿ, ಚಕ್ರದ ಮುಂದ ಹಿಂದ ಮರಳು ತೋಡಿ, ಗಾಳಿ 18 ಪಿಎಸ್‌ಐಗೆ ಇಳಿಸಿ, ಟೈರಿನ ಕೆಳಗ ಕಾರಿನ ಮ್ಯಾಟ್ ಕೊಟ್ಟು, ಬಂದ ದಾರಿಗೇ ಹಿಂದಕ್ಕ ಮೆಲ್ಲಕ ತಗೀರಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಸ್ಬೇಕು, ಅದಕ್ಕ 12 ವೋಲ್ಟಿನ ಪಂಪ್ ಡಿಕ್ಕಿಯೊಳಗ ಇರ್ಲಿ. ಊರಿಗೆ ಬಂದ ಮರುದಿನ ಅಡಿಭಾಗ ಸಿಹಿನೀರಿಲೆ ತೊಳಸ್ರಿ, ಉಪ್ಪು ಕುಂತರ ಸೈಲೆನ್ಸರ್, ಬ್ರೇಕ್ ಪೈಪು ತುಕ್ಕು ಹಿಡೀತಾವ.

ಬುತ್ತಿ: ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ರಿ, ಆದ್ರ ಬಟ್ಟಿಯಾಗ ಕಟ್ಟಿ ಒಯ್ದ್ರ ಅಲ್ಲಿ ಮರುದಿನಕ್ಕೇ ಮೆತ್ತಗಾಗ್ತಾವ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು.

ಕುಮಟಾ ಮೂಲ, ಬಳ್ಳಾರಿ ವಾಸ

ದೋಣಿಯ ಮಾತು. ತದಡಿಯಿಂದ ಅಘನಾಶಿನಿಗೆ ನದಿ ದಾಟುವ ದೋಣಿ ಇದೆ, ಬೈಕ್ ಹಾಕಿಕೊಂಡೂ ದಾಟುತ್ತಾರೆ. ನೀವು ಕಾರು ಅಘನಾಶಿನಿ ದಡದಲ್ಲೇ ಬಿಟ್ಟು, ನದಿ ದಾಟಿ, ತದಡಿಯಿಂದ ಗೋಕರ್ಣಕ್ಕೆ ಆಟೋ ಹಿಡಿದರೆ ಕುಮಟಾ ಸುತ್ತುವುದು ತಪ್ಪುತ್ತದೆ. ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ಮಕ್ಕಳಿಗೆ ತೋರಿಸಿ. ಭತ್ತ ಬೆಳೆಯುವ ಮನೆಯವರು ಎಂದು ಹೇಳುತ್ತಿದ್ದೇನೆ: ಈ ನದಿಯ ಗಜನಿ ಭೂಮಿಯಲ್ಲಿ ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಜನವರಿಗೆ ಕೊಯ್ಲು ಮುಗಿದಿರುತ್ತದೆ, ಆದರೆ ಅಕ್ಕಿ ಕೇಳಿದರೆ ಸಿಗಬಹುದು.

ಪ್ಯಾರಡೈಸ್ ನೋಡಲು ಓಂ ಬೀಚಿನಿಂದ ದೋಣಿ ಹೋಗುತ್ತದೆ. ತಾಯಿಯವರನ್ನು ಹೋಮ್‌ಸ್ಟೇಯಲ್ಲೇ ಬಿಡುವುದು ಒಳ್ಳೆಯದು, ತೆರೆಯಲ್ಲಿ ಅಲ್ಲಾಡುವ ದೋಣಿಗೆ ಕಾಲೆತ್ತಿ ಹತ್ತಬೇಕು. ಬೆಳಗ್ಗೆ 8ರಿಂದ 10ರೊಳಗೆ ಹೋಗಿ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ನೀರು ಕುಣಿಯುತ್ತದೆ. ಹತ್ತುವ ಮೊದಲೇ ಹೋಗಿ ಬರುವ ಒಟ್ಟು ಬಾಡಿಗೆ, ಅಲ್ಲಿ ಕಾಯುವ ಹೊತ್ತು ಎರಡನ್ನೂ ಮಾತಾಡಿ, ಅರ್ಧ ಹಣವನ್ನು ನೀವು ವಾಪಸ್ ಬಂದ ಮೇಲೆ ಕೊಡಿ, ಚಿಲ್ಲರೆ ನೋಟು ಇಟ್ಟುಕೊಳ್ಳಿ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಲ್ಲದ ದೋಣಿ ಬಿಟ್ಟುಬಿಡಿ. ದೊಡ್ಡವರದ್ದು ಹಾಕಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಗಲ್ಲ ದಾಟಿ ಬಂದರೆ ಅದು ದೊಡ್ಡದು. ಪ್ಯಾರಡೈಸ್‌ನಲ್ಲಿ ಊಟ, ಶೌಚಾಲಯ ಇರುತ್ತದೆಂದು ನಂಬಿ ಹೋಗಬೇಡಿ, ನೆಟ್‌ವರ್ಕ್ ಕೂಡ ಬರುವುದು ಹೋಗುವುದು. ದೋಣಿಯವರು ನಿಮ್ಮನ್ನು ಇಳಿಸಿ ಬೇರೆ ಸವಾರಿಗೆ ಹೋಗುವುದಾದರೆ, ವಾಪಸ್ ಬರುವ ಸಮಯವನ್ನು ಗಡಿಯಾರ ತೋರಿಸಿಯೇ ಗಟ್ಟಿ ಮಾಡಿಕೊಳ್ಳಿ, ಅವರ ಫೋನ್ ನಂಬರ್ ಬರೆದುಕೊಂಡು ಅಲ್ಲೇ ಒಂದು ಸಲ ರಿಂಗ್ ಕೊಟ್ಟು ನೋಡಿ.